ಬುಸುಗುಡುವ ಕಂಪ್ರೆಸರ್: ಪೆಡಲ್ ಬಿಚ್ಚುವ ಮುನ್ನ

ಗಣೇಶ ಚತುರ್ಥಿಗೆ ಎರಡು ವಾರ ಉಳಿದಿದೆ ಎನ್ನುವಾಗ ಬೆಳಗಾವಿಯ ಗಿಟಾರ್ ಪೆಡಲ್‌ಗಳಿಗೆಲ್ಲ ಒಮ್ಮೆಲೇ ಕಾಯಿಲೆ ಬರುತ್ತದೆ. ಗಿಟಾರಿಗೂ ಆಂಪ್‌ಗೂ (ಸದ್ದು ಹಿಗ್ಗಿಸುವ ಆಂಪ್ಲಿಫೈಯರ್) ನಡುವೆ ಇಟ್ಟು, ಕಾಲಿನಿಂದ ಒತ್ತಿ ಸದ್ದನ್ನು ಬದಲಿಸುವ ಪುಟ್ಟ ಪೆಟ್ಟಿಗೆಗಳಿವು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ರಸಮಂಜರಿ ಕಾರ್ಯಕ್ರಮಗಳು ಕಡಿಮೆಯಾಗುತ್ತವೆ. ಪೆಡಲ್ ಚೀಲಕ್ಕೆ, ಚೀಲ ಮಂಚದ ಅಡಿಗೆ. ಗೋಡೆಯೇ ಬೆವರುವ ನಮ್ಮೂರ ಮಳೆಗಾಲವನ್ನು ಅಲ್ಲೇ ಕಳೆದು, ಮಂಡಳಿಯವರು ಮುಂಗಡ ಕೊಟ್ಟ ದಿನ ಹೊರಗೆ ಬರುತ್ತವೆ. ಮರುದಿನ ನನ್ನ ಮೇಜಿನ ಮೇಲಿರುತ್ತವೆ.

ಹೋದ ವರ್ಷ ಶಹಾಪುರದ ಹುಡುಗನೊಬ್ಬ ಎರಡು ನಾಬ್‌ಗಳ ಕಂಪ್ರೆಸರ್ ತಂದ. "ಕಾಕಾ, ಇದು ಹಾಳಾಗಿದೆ. ನುಡಿಸುವಾಗ ಸುಮ್ಮನಿರುತ್ತದೆ, ನಿಲ್ಲಿಸಿದರೆ ಬುಸ್ಸೆನ್ನುತ್ತದೆ" ಎಂದ.

"ನಿಲ್ಲಿಸಿದ ಕೂಡಲೇ ಬುಸ್ಸೆನ್ನುತ್ತದೆಯೋ, ನಿಧಾನವಾಗಿ ಏರುತ್ತಾ ಬರುತ್ತದೆಯೋ, ತಮ್ಮಾ?"

ಸ್ವಲ್ಪ ಯೋಚಿಸಿ, "ಏರುತ್ತಾ ಬರುತ್ತದೆ" ಎಂದ. ಅಷ್ಟು ಸಾಕಾಯಿತು. ಪೆಡಲ್‌ಗೆ ಏನೂ ಆಗಿರಲಿಲ್ಲ.

ಕಂಪ್ರೆಸರ್ ಮಾಡುವ ಕೆಲಸವೇ ಅದು. ಜೋರಾಗಿ ಬಂದ ಸ್ವರವನ್ನು ತಗ್ಗಿಸುತ್ತದೆ, ಆಮೇಲೆ ಒಟ್ಟು ಸದ್ದನ್ನು ಎತ್ತಿ ಕೊಡುತ್ತದೆ. 4:1 ಅನುಪಾತವೆಂದರೆ ನಿಗದಿತ ಮಟ್ಟವನ್ನು 8 ಡೆಸಿಬೆಲ್ ಮೀರಿ ಬಂದ ಸದ್ದು ಕೇವಲ 2 ಡೆಸಿಬೆಲ್ ಮೀರಿ ಹೊರಬೀಳುತ್ತದೆ. ತಂತಿ ಮೀಟಿದಾಗ ಅದು ಕೈ ಬಿಗಿಹಿಡಿಯುತ್ತದೆ. ಸ್ವರ ಕರಗುತ್ತಿದ್ದಂತೆ ಹಿಡಿತ ಸಡಿಲಿಸುತ್ತದೆ. ಸ್ವರವೇ ಇಲ್ಲದಾಗ ಪೂರ್ತಿ ಬಿಡುತ್ತದೆ. ಆಗ ಅದರ ಮುಂದೆ ಏನಿದೆಯೋ ಅದನ್ನೆಲ್ಲ ಎತ್ತಿ ಹಿಡಿಯುತ್ತದೆ: ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಗಿಟಾರಿನ ಸುರುಳಿ) ಹಿಡಿದ ಗುಂಯ್ಗಾನ, ಕೇಬಲ್ಲಿನ ಗೊರಗೊರ, ಅಡಾಪ್ಟರಿನ ಕೊಳೆ. ಮನೆಗೆ ನೆಂಟರು ಬಂದಾಗಲೇ ಒಳಗಿನ ಜಗಳವನ್ನೆಲ್ಲ ಹೇಳಿಬಿಡುವ ಮಗುವಿನ ಹಾಗೆ. ಹೇಳಿದ್ದು ನಿಜವೇ, ತಪ್ಪು ಅದರದ್ದಲ್ಲ. ಆದ್ದರಿಂದ ಕಂಪ್ರೆಸರ್ ದೋಷವನ್ನು ಹುಡುಕುವವರು ಮೊದಲು ಕಂಪ್ರೆಸರ್‌ಗೆ ಬರುವ ದಾರಿಯಲ್ಲಿ ಏನೇನಿದೆ ಎಂದು ನೋಡಬೇಕು. ಸ್ಕ್ರೂಡ್ರೈವರ್ ಆಮೇಲೆ.

ಮೊದಲ ಹತ್ತು ನಿಮಿಷ

ಪೆಡಲ್‌ಬೋರ್ಡ್ ಪಕ್ಕಕ್ಕಿಡಿ. ಗಿಟಾರ್, ಒಂದು ಕೇಬಲ್, ಕಂಪ್ರೆಸರ್, ಇನ್ನೊಂದು ಕೇಬಲ್, ಆಂಪ್, ಇಷ್ಟೇ ಇರಲಿ. ಅಡಾಪ್ಟರ್ ಬೇಡ, ಹೊಸ 9 ವೋಲ್ಟ್ ಬ್ಯಾಟರಿ ಹಾಕಿ. ಅಂಗಡಿಯಿಂದ ತಂದದ್ದೆಂದು ನಂಬಬೇಡಿ, ಮಲ್ಟಿಮೀಟರ್ ಹಿಡಿದು ನೋಡಿ: ಹೊಸದು 9 ವೋಲ್ಟ್‌ಗಿಂತ ತುಸು ಹೆಚ್ಚೇ ತೋರಿಸಬೇಕು. ಏಳೂವರೆಗಿಂತ ಕೆಳಗಿಳಿದದ್ದನ್ನು ಗೋಡೆ ಗಡಿಯಾರಕ್ಕೂ ಕೊಡಲಾಗದು, ಎಸೆಯಿರಿ. ಬ್ಯಾಟರಿ ಹಾಕುವ ಜಾಗವೇ ಇಲ್ಲದ ಸಣ್ಣ ಪೆಡಲ್ ಆಗಿದ್ದರೆ, ಅದೊಂದಕ್ಕೇ ಮೀಸಲಾದ ಒಳ್ಳೆಯ ಅಡಾಪ್ಟರ್ ಬಳಸಿ.

ಇಷ್ಟರಲ್ಲೇ ಗದ್ದಲ ಹೋಯಿತೇ? ಹಾಗಾದರೆ ಪೆಡಲ್ ನಿರ್ದೋಷಿ. ತೆಗೆದಿಟ್ಟ ಒಂದೊಂದೇ ವಸ್ತುವನ್ನು ಮರಳಿ ಸೇರಿಸುತ್ತಾ ಹೋಗಿ; ಯಾವುದು ಸೇರಿದಾಗ ಗದ್ದಲ ಮರಳುತ್ತದೆಯೋ ಅದೇ ಕಳ್ಳ. ಬೇಸರದ ಕೆಲಸ, ಒಪ್ಪುತ್ತೇನೆ. ಎರಡನ್ನು ಒಟ್ಟಿಗೆ ಸೇರಿಸಿ ಸಮಯ ಉಳಿಸಲು ಹೋದವರೆಲ್ಲ ಮತ್ತೆ ಮೊದಲಿನಿಂದ ಶುರು ಮಾಡಿದ್ದನ್ನು ಕಂಡಿದ್ದೇನೆ, ನನ್ನನ್ನೂ ಸೇರಿಸಿ.

ಗದ್ದಲ ಹೋಗಲಿಲ್ಲವೆಂದರೆ ನನ್ನ ಬಳಿ ಒಂದು ಉಪಕರಣವಿದೆ, ಬೆಲೆ ಸೊನ್ನೆ. ಮುರಿದ ಕೇಬಲ್ಲಿನ ಕಾಲು ಇಂಚಿನ ಪ್ಲಗ್ ಒಂದನ್ನು ತೆಗೆದುಕೊಳ್ಳಿ. ಅದರ ಮುಚ್ಚಳ ತಿರುಗಿಸಿ ತೆಗೆದರೆ ಒಳಗೆ ಎರಡು ಕಾಲು ಕಾಣುತ್ತವೆ, ಒಂದು ತುದಿಗೆ ಸೇರಿದ್ದು, ಇನ್ನೊಂದು ಮೈಗೆ. ಎರಡನ್ನೂ ಒಂದು ತುಣುಕು ತಂತಿಯಿಂದ ಬೆಸೆದುಬಿಡಿ, ಮುಚ್ಚಳ ಹಾಕಿ. ಗಿಟಾರ್ ಕೇಬಲ್ ಕಿತ್ತು ಈ ಪ್ಲಗ್ಗನ್ನು ಕಂಪ್ರೆಸರ್‌ನ ಇನ್‌ಪುಟ್‌ಗೆ ಚುಚ್ಚಿ. ಈಗ ಪೆಡಲ್‌ನ ಬಾಯಿ ಮುಚ್ಚಿದಂತಾಯಿತು. ಹೊರಗಿನಿಂದ ಅದಕ್ಕೆ ಏನೂ ಹೋಗುತ್ತಿಲ್ಲ. ಇನ್ನೂ ಕೇಳಿಸುವ ಬುಸುಗುಡುವಿಕೆ ಪೆಡಲ್‌ನ ಸ್ವಂತದ್ದು, ಕೇಳಿಸದೆ ಹೋದದ್ದು ಗಿಟಾರಿನದ್ದೋ ಕೇಬಲ್ಲಿನದ್ದೋ. ಶಹಾಪುರದ ಹುಡುಗನೆದುರು ಇದನ್ನೇ ಮಾಡಿದೆ. ಮುಕ್ಕಾಲು ಪಾಲು ಗದ್ದಲ ಅಲ್ಲೇ ನಿಂತಿತು. ಉಳಿದ ಕಾಲು ಪಾಲು ಅವನು ಸೆನ್ಸಿಟಿವಿಟಿ ನಾಬನ್ನು (ಎಷ್ಟು ಹಿಂಡಬೇಕೆಂದು ಹೇಳುವ ನಾಬ್) ಕೊನೆಯವರೆಗೆ ತಿರುಗಿಸಿಟ್ಟದ್ದರಿಂದ ಬರುತ್ತಿತ್ತು. ಅರ್ಧಕ್ಕೆ ಇಳಿಸಿದೆವು.

ಗುಂಯ್ಗುಡುವುದು ಬೇರೆ, ಬುಸುಗುಡುವುದು ಬೇರೆ

ಈ ಎರಡನ್ನು ಕಿವಿಯಲ್ಲಿ ಬೇರ್ಪಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಬುಸ್ ಎನ್ನುವುದು ಕಾದ ಬಾಣಲೆಯ ಮೇಲೆ ನೀರು ಚಿಮುಕಿಸಿದಂಥ ಸದ್ದು, ಅದಕ್ಕೆ ಸ್ವರವಿಲ್ಲ. ಅದು ಹೆಚ್ಚುವರಿ ಎತ್ತುವಿಕೆಯಿಂದ ಹುಟ್ಟುತ್ತದೆ, ಮತ್ತು ಸ್ವಲ್ಪ ಮಟ್ಟಿಗೆ ಪ್ರತಿ ಕಂಪ್ರೆಸರ್‌ನಲ್ಲೂ ಇರುತ್ತದೆ. ಗುಂಯ್ ಎನ್ನುವುದಕ್ಕೆ ಸ್ವರವಿದೆ. ನಮ್ಮ ಮನೆಯ ವಿದ್ಯುತ್ತು 50 ಹರ್ಟ್ಸ್. ಆದ್ದರಿಂದ ಗುಂಯ್ಗಾನ 50ರಲ್ಲಿ ಇಲ್ಲವೇ ಅದರ ದುಪ್ಪಟ್ಟಾದ 100ರಲ್ಲಿ ಕೂತಿರುತ್ತದೆ.

ಗುಂಯ್ ಬಂದರೆ ಗಿಟಾರ್ ಕೊರಳಿಗೆ ಹಾಕಿಕೊಂಡು ನಿಂತಲ್ಲೇ ಒಂದು ಸುತ್ತು ತಿರುಗಿ. ಒಂದು ದಿಕ್ಕಿಗೆ ಕಡಿಮೆಯಾಗಿ ಇನ್ನೊಂದು ದಿಕ್ಕಿಗೆ ಹೆಚ್ಚಾದರೆ ಅದನ್ನು ಪಿಕಪ್ ಗಾಳಿಯಲ್ಲಿ ಹಿಡಿಯುತ್ತಿದೆ. ಒಂದೇ ಸುರುಳಿಯ, ಅಂದರೆ ಸಿಂಗಲ್ ಕಾಯಿಲ್ ಪಿಕಪ್‌ನ ಜಾತಿಗುಣ ಅದು. ಹತ್ತಿರದ ಆಂಪ್‌ನ ಟ್ರಾನ್ಸ್‌ಫಾರ್ಮರಿನಿಂದ ದೂರ ಸರಿಯುವುದೇ ಮದ್ದು. ಇಂದಿನ ಬಹುತೇಕ ಸ್ಟ್ರಾಟ್ ಮಾದರಿಯ ಗಿಟಾರ್‌ಗಳಲ್ಲಿ ಪಿಕಪ್ ಆಯುವ ಸ್ವಿಚ್ಚನ್ನು ಎರಡನೆಯ ಅಥವಾ ನಾಲ್ಕನೆಯ ಸ್ಥಾನಕ್ಕೆ ತಂದರೂ ಗುಂಯ್ ಇಳಿಯುತ್ತದೆ, ಏಕೆಂದರೆ ನಡುವಿನ ಪಿಕಪ್ಪನ್ನು ತಿರುವುಮುರುವು ಸುತ್ತಿರುತ್ತಾರೆ. ಇನ್ನೊಂದು ಪರೀಕ್ಷೆ ಬೆರಳಿನದು. ಜ್ಯಾಕಿನ ಲೋಹ ಮುಟ್ಟಿದಾಗ ಗದ್ದಲ ತಗ್ಗಿ, ತಂತಿ ಮುಟ್ಟಿದಾಗ ತಗ್ಗದಿದ್ದರೆ, ಬ್ರಿಡ್ಜಿಗೆ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಲೋಹದ ಪಟ್ಟಿ) ಹೋಗುವ ಅರ್ಥಿಂಗ್ ತಂತಿ ಕಿತ್ತಿದೆ. ಅದನ್ನು ಬೆಸೆದರೆ ಮುಗಿಯಿತು.

ಗದ್ದಲ ಮನೆಯಲ್ಲಿಲ್ಲ, ಮಂಟಪದಲ್ಲಿ ಮಾತ್ರ ಎಂದರೆ ತಲೆ ಎತ್ತಿ ನೋಡಿ. ಮಂಟಪದ ದೀಪದ ಸರಗಳು, ಬೆಳಕು ಏರಿಸಿ ಇಳಿಸುವ ಡಿಮ್ಮರ್‌ಗಳು, ಇವೆಲ್ಲ ಪಿಕಪ್‌ಗೆ ಹಬ್ಬದೂಟ. ಕಾರ್ಯಕರ್ತರ ಬಳಿ ಹೋಗಿ ಅರ್ಧ ನಿಮಿಷ ದೀಪ ಆರಿಸಿರೆಂದು ಕೇಳಿಕೊಳ್ಳಿ, ಬೈದುಕೊಂಡೇ ಆರಿಸುತ್ತಾರೆ. ಗದ್ದಲ ನಿಂತರೆ ಉತ್ತರ ಸಿಕ್ಕಿತು. ಮನೆಯಲ್ಲೂ ಇದೇ ಬಗೆಯ ಒಂದು ಮೋಸವಿದೆ: ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನುಡಿಸುವಾಗ ಮಾತ್ರ ಕೊರೆಯುವ ಗರಗರ. ಅಗ್ಗದ ಇನ್ವರ್ಟರ್‌ಗಳು ಕೊಡುವುದು ಚೌಕಾಕಾರದ ಅಲೆ. ಅದರಲ್ಲಿ 50ರ ಗುಣಕಗಳು ಒಂದರ ಮೇಲೊಂದು ತುಂಬಿರುತ್ತವೆ. ಪೆಡಲ್ ಬಿಚ್ಚಿ ಪ್ರಯೋಜನವಿಲ್ಲ, ಕರೆಂಟ್ ಬರುವವರೆಗೆ ಆಂಪ್ ಇಲ್ಲದೆ ಅಭ್ಯಾಸ ಮಾಡಿ.

ಒಂದು ಮಾತು ಇಲ್ಲಿ ಗಟ್ಟಿಯಾಗಿ ಹೇಳಬೇಕು. ಗುಂಯ್ ಹೋಗಲೆಂದು ಆಂಪ್‌ನ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ ಕಿತ್ತು ಹಾಕುವವರಿದ್ದಾರೆ. ಗುಂಯ್ ಹೋಗುವುದೂ ಉಂಟು. ಆದರೆ ಆಂಪ್‌ನೊಳಗೆ ಏನಾದರೂ ಸೋರಿದ ದಿನ ಆ ಕರೆಂಟ್ ಕೆಳಗಿಳಿಯುವ ದಾರಿ ಗಿಟಾರಿನ ತಂತಿ, ನಿಮ್ಮ ಕೈ ಮತ್ತು ತುಟಿಗೆ ತಾಗಿದ ಮೈಕ್. ಮೈಕ್ ತಾಗಿದಾಗ ಜುಮ್ಮೆಂದರೆ ಹಾಡು ನಿಲ್ಲಿಸಿ ಇಳಿಯಿರಿ. ಟೆಸ್ಟರ್ ಹಿಡಿದು ಬೋರ್ಡು ನೋಡಿಸದೆ ಮತ್ತೆ ಹತ್ತಬೇಡಿ.

ಅಡಾಪ್ಟರ್ ಎಂಬ ಮನೆಮುರುಕ

ಇಡೀ ಪೆಡಲ್ ಸತ್ತಿದೆ, ದೀಪವೂ ಹತ್ತುವುದಿಲ್ಲ ಎಂದು ಬರುವವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ರೂಟರ್. ಗಿಟಾರ್ ಪೆಡಲ್‌ಗಳಲ್ಲಿ ಬಹುತೇಕ ಎಲ್ಲವೂ 9 ವೋಲ್ಟ್, ನಡುವಿನ ಪಿನ್ ಋಣ. ರೂಟರ್, ಸಿಸಿಟಿವಿ ಕ್ಯಾಮೆರಾಗಳ ಅಡಾಪ್ಟರ್ ಸಾಮಾನ್ಯವಾಗಿ 12 ವೋಲ್ಟ್, ನಡುವಿನ ಪಿನ್ ಧನ. ತೂತು ಎರಡಕ್ಕೂ ಸರಿಹೊಂದುತ್ತದೆ, ಅದೇ ಗ್ರಹಚಾರ. ಚುಚ್ಚುವ ಮುನ್ನ ಅಡಾಪ್ಟರಿನ ಮೈಮೇಲೆ ಅಚ್ಚಾದ ಸಣ್ಣ ಚಿತ್ರ ನೋಡಿ: ನಡುವಿನ ಚುಕ್ಕೆಯಿಂದ ಹೊರಟ ಗೆರೆ ಋಣ ಚಿಹ್ನೆಗೆ ಸೇರಬೇಕು.

ಬಹಳಷ್ಟು ಪೆಡಲ್‌ಗಳಲ್ಲಿ ಇಂಥ ತಪ್ಪಿಗೆಂದೇ ಒಂದು ಡಯೋಡ್ ಕಾವಲಿರುತ್ತದೆ. ತಿರುಗುಮುರುಗು ಕರೆಂಟ್ ಬಂದಾಗ ಅದು ತಾನು ಅಡ್ಡಬಿದ್ದು ಎಲ್ಲವನ್ನೂ ತನ್ನ ಮೇಲೆ ಎಳೆದುಕೊಳ್ಳುತ್ತದೆ, ಹೆಚ್ಚಿನ ಸಲ ಸುಟ್ಟು ಶಾರ್ಟ್ ಆಗುತ್ತದೆ. ಗುರುತು ಸುಲಭ: ಅಡಾಪ್ಟರ್ ಚುಚ್ಚಿದೊಡನೆ ಅದರ ದೀಪ ಮಂಕಾಗುತ್ತದೆ, ಬ್ಯಾಟರಿ ಹಾಕಿದರೆ ಬ್ಯಾಟರಿ ಬೆಚ್ಚಗಾಗುತ್ತದೆ. ತಳದ ಸ್ಕ್ರೂ ತೆಗೆದು, ಅಡಾಪ್ಟರ್ ಚುಚ್ಚುವ ಡಿಸಿ ಜ್ಯಾಕಿನ ಹತ್ತಿರ ಒಂದು ಕಡೆ ಬೆಳ್ಳಿ ಪಟ್ಟಿಯಿರುವ ಕಪ್ಪು ಕೊಳವೆ ಹುಡುಕಿ. ಮಲ್ಟಿಮೀಟರನ್ನು ಡಯೋಡ್ ಸ್ಥಾನಕ್ಕಿಟ್ಟು ಎರಡೂ ದಿಕ್ಕಿನಿಂದ ಮುಟ್ಟಿಸಿ. ಎರಡೂ ಸಲ ಸೊನ್ನೆಯ ಹತ್ತಿರ ತೋರಿಸಿದರೆ ಅದರ ಒಂದು ಕಾಲು ಬಿಡಿಸಿ ಮತ್ತೆ ಅಳೆಯಿರಿ. ಇನ್ನೂ ಸೊನ್ನೆ ಎಂದರೆ ಅದು ಹುತಾತ್ಮ. 1ಎನ್4001ರಿಂದ 4007ರವರೆಗಿನ ಯಾವುದಾದರೂ ನಡೆಯುತ್ತದೆ; ಬೆಳ್ಳಿ ಪಟ್ಟಿ ಧನದ ಕಡೆಗಿರಲಿ. ಕೆಲವು ರೂಪಾಯಿಯ ಈ ಕಡ್ಡಿಗಾಗಿ ಸಾವಿರಾರು ರೂಪಾಯಿಯ ಪೆಡಲ್‌ಗಳನ್ನು ಗುಜರಿಗೆ ಹಾಕಿದವರನ್ನು ಬಲ್ಲೆ.

ಬ್ಯಾಟರಿಯಲ್ಲಿ ಸತ್ತು ಅಡಾಪ್ಟರಿನಲ್ಲಿ ಬದುಕಿದ್ದರೆ ಕಥೆ ಬೇರೆ. ಪೆಡಲ್‌ನ ಇನ್‌ಪುಟ್ ಜ್ಯಾಕ್ ಮೂರು ಸಂಪರ್ಕದ್ದು. ಕೇಬಲ್ ಚುಚ್ಚಿದಾಗ ಪ್ಲಗ್ಗಿನ ಮೈ ಎರಡು ಸಂಪರ್ಕಗಳನ್ನು ಕೂಡಿಸಿ ಬ್ಯಾಟರಿಯ ಋಣವನ್ನು ಜೋಡಿಸುತ್ತದೆ. ಅಂದರೆ ಆ ಜ್ಯಾಕೇ ಸ್ವಿಚ್. (ಕೇಬಲ್ ಕೀಳದೆ ಮಲಗಿದರೆ ಬೆಳಗ್ಗೆ ಬ್ಯಾಟರಿ ಸತ್ತಿರುವುದು ಇದರಿಂದಲೇ.) ಬೆಳಗಾವಿಯ ಮಳೆಗಾಲ ಹೊಡೆಯುವುದು ಸರಿಯಾಗಿ ಈ ಜಾಗಕ್ಕೆ. ಸಂಪರ್ಕದ ಮೇಲೆ ಮಸುಕು ಪೊರೆ ಕೂತು, ಪ್ಲಗ್ ಅಲುಗಿಸಿದಾಗ ಜೀವ ಬಂದು ಹೋಗುತ್ತದೆ. ಕಾಂಟ್ಯಾಕ್ಟ್ ಕ್ಲೀನರನ್ನು ಪ್ಲಗ್ಗಿಗೆ ಸಿಂಪಡಿಸಿ ಹತ್ತು ಸಲ ಚುಚ್ಚಿ ತೆಗೆಯಿರಿ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಬೇಡ. ಇಂದು ನಡೆದರೂ ನಾಳೆ ದೂಳು ಹಿಡಿಯುತ್ತದೆ. ವಿಜಯಪುರದ ಕಡೆಯಿಂದ ಬರುವ ಪೆಡಲ್‌ಗಳಲ್ಲಿ ಈ ಪೊರೆ ಕಡಿಮೆ, ನಾಬ್‌ಗಳು ಮಾತ್ರ ದೂಳು ಕುಡಿದು ಕರಕರ ಎನ್ನುತ್ತವೆ. ಔಷಧ ಅದೇ, ಹೊಡೆಯುವ ಜಾಗ ಬೇರೆ.

ಬಾಸ್ ಕಂಪನಿಯ ಹಳೆಯ ಪೆಡಲ್ ಕೊಂಡವರು ಅಡಾಪ್ಟರಿನ ತೂತಿನ ಬಳಿ ಎಸಿಎ ಎಂದು ಬರೆದಿದೆಯೇ ನೋಡಿ. ಅದನ್ನು ಹಳೆಯ ಕಾಲದ ಹೆಚ್ಚು ವೋಲ್ಟಿನ ಅಡಾಪ್ಟರಿಗೆಂದು ಮಾಡಿದ್ದು. ಈಗಿನ ಕಟ್ಟುನಿಟ್ಟಾದ 9 ವೋಲ್ಟಿನದು ಕೊಟ್ಟರೆ ದೀಪ ಮಂಕು, ಸದ್ದೂ ಮಂಕು. ಬ್ಯಾಟರಿ ಹಾಕಿದಾಗ ಸರಿಹೋದರೆ ದೋಷ ಪೆಡಲ್‌ನದ್ದಲ್ಲ.

"ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ"

ಎರಡನೆಯ ಅತಿ ಸಾಮಾನ್ಯ ದೂರು ಇದು. ಸದ್ದನ್ನು ಒರಟಾಗಿಸುವ ಓವರ್‌ಡ್ರೈವ್ ಪೆಡಲ್ ಒತ್ತಿದರೆ ಬೀದಿಗೆಲ್ಲ ಗೊತ್ತಾಗುತ್ತದೆ, ಕಂಪ್ರೆಸರ್ ಹಾಗಲ್ಲ. ಅಲ್ಲದೆ ಓವರ್‌ಡ್ರೈವ್ ಹಾಕಿಕೊಂಡೇ ಪರೀಕ್ಷಿಸಿದರೆ ವ್ಯತ್ಯಾಸ ಕೇಳಿಸುವುದೂ ಕಷ್ಟ, ಏಕೆಂದರೆ ವಿರೂಪಗೊಂಡ ಸ್ವರ ಮೊದಲೇ ಚಪ್ಪಟೆಯಾಗಿರುತ್ತದೆ. ಸ್ವಚ್ಛ ಸದ್ದಿನಲ್ಲಿ ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಮೀಟಿ ಕೈ ಎತ್ತಿ. ಪೆಡಲ್ ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ. ಸ್ವರದ ಬಾಲ ಉದ್ದವಾಯಿತೇ ಕೇಳಿ. ಆಮೇಲೆ ಎಡಗೈಯಿಂದ ತಂತಿಗಳನ್ನು ಮೆತ್ತಗೆ ಮುಚ್ಚಿ ಚಕ್ ಚಕ್ ಎಂದು ಬಾರಿಸಿ. ಮೆಲ್ಲಗೆ ಹೊಡೆದದ್ದೂ ಜೋರಾಗಿ ಹೊಡೆದದ್ದೂ ಹತ್ತಿರ ಹತ್ತಿರ ಬಂದರೆ ಪೆಡಲ್ ದುಡಿಯುತ್ತಿದೆ.

ಆನ್ ಮಾಡಿದಾಗ ಸದ್ದು ಇಳಿದರೆ ಅದೂ ದೋಷವಲ್ಲ, ಲೆವೆಲ್ ನಾಬ್ ಸಾಲದು. ಆನ್ ಆಫ್ ಎರಡರಲ್ಲೂ ಒಂದೇ ಜೋರು ಬರುವಂತೆ ಅದನ್ನು ಹೊಂದಿಸಿದ ಮೇಲೆಯೇ ಉಳಿದ ನಾಬ್ ಮುಟ್ಟಿ, ಇಲ್ಲದಿದ್ದರೆ ಜೋರಾದದ್ದೇ ಒಳ್ಳೆಯದೆಂದು ಕಿವಿ ಮೋಸಹೋಗುತ್ತದೆ.

ಮೀಟು ಸತ್ತಿತು, ಪಿಕ್ ತಾಗಿದ ಸದ್ದೇ ಇಲ್ಲ ಎನ್ನುವವರು ಹಿಡಿತ ಎಷ್ಟು ಬೇಗ ಬೀಳಬೇಕೆಂದು ಹೇಳುವ ಅಟ್ಯಾಕ್ ನಾಬ್ ನೋಡಬೇಕು. ಇಲ್ಲಿ ಒಂದು ಹೊಂಡವಿದೆ. ಕೆಲವು ಪೆಡಲ್‌ಗಳಲ್ಲಿ ಈ ನಾಬನ್ನು ಬಲಕ್ಕೆ ತಿರುಗಿಸಿದರೆ ಹಿಡಿತ ತಡವಾಗಿ ಮೀಟು ಹೊರಬರುತ್ತದೆ. 1960ರ ದಶಕದ 1176 ಎಂಬ ಸ್ಟುಡಿಯೋ ಕಂಪ್ರೆಸರ್‌ನಲ್ಲಿ ಬಲತುದಿ ಎಂದರೆ ಅತಿ ವೇಗ. ಅದರ ವೇಗದ ವ್ಯಾಪ್ತಿ 20ರಿಂದ 800 ಮೈಕ್ರೋಸೆಕೆಂಡ್, ಅಂದರೆ ತುದಿಯಿಂದ ತುದಿಗೆ ವೇಗವೇ. ಆ ವಂಶದ ಪೆಡಲ್‌ಗಳಲ್ಲಿ ಆ ಅಭ್ಯಾಸ ಉಳಿದಿರಬಹುದು. ಪುಸ್ತಕ ನೋಡುವ ಬದಲು ಕಿವಿಯಿಂದ ತೀರ್ಮಾನಿಸಿ: ಚಕ್ ಚಕ್ ಬಾರಿಸುತ್ತಾ ತಿರುಗಿಸಿದರೆ ಮೀಟಿನ ಮೊನೆ ಯಾವ ಕಡೆ ಏಳುತ್ತದೆಂದು ತಿಳಿಯುತ್ತದೆ. ಬ್ಲೆಂಡ್ ನಾಬ್ ಇರುವ ಪೆಡಲ್‌ನಲ್ಲಿ ಅಸಲಿ ಸದ್ದನ್ನು ಸ್ವಲ್ಪ ಬೆರೆಸಿಕೊಳ್ಳುವುದು ಇನ್ನೂ ಸುಲಭ.

ಸದ್ದು ಏದುಸಿರು ಬಿಡುವಂತೆ ಏರಿ ಇಳಿಯುತ್ತಿದ್ದರೆ ರಿಲೀಸ್, ಅಂದರೆ ಹಿಡಿತ ಬಿಡುವ ವೇಗ ನೋಡಿ. ತೀರಾ ನಿಧಾನವಾದರೆ ಒಂದು ದಪ್ಪ ಸ್ವರ ಮುಂದಿನ ನಾಲ್ಕು ತೆಳು ಸ್ವರಗಳನ್ನು ಅದುಮಿಬಿಡುತ್ತದೆ. ತೀರಾ ವೇಗವಾದರೆ ಬೇರೆ ತೊಂದರೆ: ಅತಿ ದಪ್ಪನೆಯ ಇ ತಂತಿ 82 ಹರ್ಟ್ಸ್, ಅದರ ಒಂದು ಅಲೆಗೆ ಸುಮಾರು 12 ಮಿಲಿಸೆಕೆಂಡ್ ಬೇಕು. ಬಿಡುವ ಸಮಯ ಅದರ ಹತ್ತಿರಕ್ಕೆ ಬಂದರೆ ಪೆಡಲ್ ಸ್ವರದ ಬದಲು ಒಂದೊಂದು ಅಲೆಯ ಬೆನ್ನು ಹತ್ತುತ್ತದೆ, ದಪ್ಪ ತಂತಿಗಳು ಮಾತ್ರ ಒಡಕಾಗಿ ಕೇಳಿಸುತ್ತವೆ. ಇದನ್ನು ಪಿಕಪ್ ದೋಷವೆಂದು ಪಿಕಪ್ ಬದಲಿಸಿದವರಿದ್ದಾರೆ.

ಪೆಡಲ್‌ಗಳ ಸಾಲಿನಲ್ಲಿ ಕಂಪ್ರೆಸರ್‌ನ ಜಾಗ ಓವರ್‌ಡ್ರೈವ್‌ಗಿಂತ ಮೊದಲು. ಆಮೇಲೆ ಇಟ್ಟರೆ ಅದು ಓವರ್‌ಡ್ರೈವ್‌ನ ಬುಸುಗುಡುವಿಕೆಯನ್ನೂ ಎತ್ತುತ್ತದೆ.

ತಪ್ಪು ಆಯ್ಕೆಯೂ ದೋಷವೇ

ಎರಡು ನಾಬಿನ ಕಂಪ್ರೆಸರ್‌ಗಳ ಮೂಲಪುರುಷ 1970ರ ದಶಕದ ಎಂಎಕ್ಸ್‌ಆರ್ ಡೈನಾ ಕಾಂಪ್. ಅದರ ಹೃದಯ ಸಿಎ3080 ಎಂಬ ಚಿಪ್. ಅದರ ತಯಾರಿಕೆ ನಿಂತು ವರ್ಷಗಳಾದವು. ಈ ಜಾತಿಯವು ಮೀಟನ್ನು ಹಿಂಡುತ್ತವೆ, ಒಂದು ಬಗೆಯ ಟಪ್ಪೆನ್ನುವ ಪುಟಿತ ಕೊಡುತ್ತವೆ. ಅದು ಬೇಕಾದವರಿಗೆ ಬೇರೇನೂ ರುಚಿಸದು. ಮೆಲುಗೀತೆಗೆ ಕಾರ್ಡ್ ಬಿಡಿಸಿ ನುಡಿಸುವವರು ಇದನ್ನು ಕೊಂಡು ಸ್ವರ ಸತ್ತಿತೆಂದು ದೂರುತ್ತಾರೆ. ಅವರಿಗೆ ಬೆಳಕಿನಿಂದ ಕೆಲಸ ಮಾಡುವ ಆಪ್ಟಿಕಲ್ ಜಾತಿ ಒಗ್ಗುತ್ತದೆ, ಅದರ ಹಿಡಿತ ಮೆದು. ಬಾಸ್ ಕಂಪನಿಯ ಸಿಎಸ್-3 ಕಂಪ್ರೆಸರ್ 1986ರಿಂದ ಇದೆ. ಅಟ್ಯಾಕ್ ಮತ್ತು ಟೋನ್ ನಾಬ್‌ಗಳಿರುವುದರಿಂದ ಮೀಟನ್ನೂ ಮೊನಚನ್ನೂ ಸ್ವಲ್ಪ ಮರಳಿ ಪಡೆಯಬಹುದು. ರಸಮಂಜರಿಯಲ್ಲಿ ಒಂದೇ ರಾತ್ರಿ ಭಾವಗೀತೆಯಿಂದ ಕುಣಿತದ ಹಾಡಿಗೆ ಹಾರಬೇಕಾದವರಿಗೆ ನನ್ನ ಸಲಹೆ ಬ್ಲೆಂಡ್ ಇರುವ ಯಾವುದಾದರೂ ಪೆಡಲ್, ಹೆಸರು ಏನೇ ಇರಲಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಬೆಸೆದ ಆ ಪ್ಲಗ್ ಜೇಬಿನಲ್ಲಿರಲಿ. ಸ್ವಂತ ಗದ್ದಲ ಎಷ್ಟೆಂದು ಮಾರುವವನ ಎದುರಿಗೇ ಕೇಳಬಹುದು, ಬೆಲೆಯೂ ಇಳಿಯುತ್ತದೆ.

ಆಪ್ಟಿಕಲ್ ಎಂದಾಗ ನೆನಪಾಯಿತು. ಮನೆಯಲ್ಲೇ ಜೋಡಿಸಿದ ಅಂಥದ್ದೊಂದು ಪೆಡಲ್ ನನ್ನನ್ನು ಒಂದಿಡೀ ಮಧ್ಯಾಹ್ನ ಕುಣಿಸಿತು. ಮುಚ್ಚಿದ್ದಾಗ ಚೆನ್ನಾಗಿತ್ತು, ಬಿಚ್ಚಿ ಮೇಜಿನ ಮೇಲಿಟ್ಟರೆ ಸದ್ದು ಕುಗ್ಗುತ್ತಿತ್ತು. ಬೆಸುಗೆಗಳನ್ನೆಲ್ಲ ಮತ್ತೆ ಕಾಯಿಸಿದೆ, ಎರಡು ಕೆಪಾಸಿಟರ್ ಬದಲಿಸಿದೆ. ಚಹಾ ಲೋಟ ತೆಗೆದುಕೊಳ್ಳಲು ಕೈ ಚಾಚಿದಾಗ ಸದ್ದು ತಾನಾಗಿ ಏರಿತು. ಕೈ ಹಿಂತೆಗೆದೆ, ಇಳಿಯಿತು. ಒಳಗೆ ಎಲ್‌ಇಡಿಯ ಬೆಳಕು ನೋಡಿ ಸದ್ದು ತಗ್ಗಿಸಬೇಕಾದ ಬೆಳಕು-ರೋಧಕಕ್ಕೆ ಕಪ್ಪು ಕೊಳವೆ ಸರಿಯಾಗಿ ಕೂತಿರಲಿಲ್ಲ. ಅದು ನನ್ನ ಮೇಜಿನ ಟ್ಯೂಬ್‌ಲೈಟನ್ನೇ ಗಿಟಾರ್ ಎಂದು ತಿಳಿದಿತ್ತು. ಅಂದಿನಿಂದ ಆಪ್ಟಿಕಲ್ ಪೆಡಲ್ ಬಿಚ್ಚಿದರೆ ಮೇಲೊಂದು ಕಪ್ಪು ಬಟ್ಟೆ ಹೊದಿಸುತ್ತೇನೆ.

ಇನ್ನು ಉಳಿದದ್ದು ನಿಜವಾಗಿ ಕೆಟ್ಟವು. ಸ್ವಿಚ್ ಒತ್ತಿದಾಗ ಪ್ರತಿ ಸಲವೂ ಧಡ್ ಎಂದರೆ ಒಳಹೊರ ದಾರಿಯ ಕೆಪಾಸಿಟರ್ ಸೋರುತ್ತಿದೆ. ಹಳೆಯ ಪೆಡಲ್‌ಗಳಲ್ಲಿ ಸಾಮಾನ್ಯ, ಬದಲಿಸಬಹುದು. ಮೀಟಿದಾಗಲೆಲ್ಲ ಸ್ವರದ ಜೊತೆಗೆ ಒಂದು ಮಂದ ಗುದ್ದು ಬಂದರೆ ಡೈನಾ ಕಾಂಪ್ ವಂಶದ ಪೆಡಲ್‌ಗಳಲ್ಲಿ ಒಳಗಿನ ಸಣ್ಣ ಟ್ರಿಮ್ಮರ್ (ಸ್ಕ್ರೂಡ್ರೈವರಿನಿಂದ ತಿರುಗಿಸುವ ಪುಟ್ಟ ನಾಬ್) ಸರಿದಿರಬಹುದು. ತಿರುಗಿಸುವ ಮುನ್ನ ಈಗಿರುವ ಜಾಗಕ್ಕೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಯಿರಿ, ಆಮೇಲೆ ಗುದ್ದು ಅತಿ ಕಡಿಮೆಯಾಗುವವರೆಗೆ ಕೂದಲೆಳೆಯಷ್ಟು ಅಲುಗಿಸಿ. ಬೋರ್ಡಿನ ಮೇಲೆ ಸಾಸಿವೆ ಚೆಲ್ಲಿದಂತೆ ಸಣ್ಣ ಬಿಡಿಭಾಗಗಳು ಕಂಡರೆ ಮಾತ್ರ ಮುಚ್ಚಳ ಹಾಕಿ ವಾರಂಟಿ ಚೀಟಿ ಹುಡುಕಿ. ನನ್ನ ಬೆಸುಗೆ ಕಡ್ಡಿಯ ತುದಿ ಅವುಗಳ ಮೂರರಷ್ಟು ದಪ್ಪವಿದೆ. ಅಂಥವನ್ನು ನಾನು ದುಡ್ಡು ಕೇಳದೆ ಹಾಗೆಯೇ ವಾಪಸು ಕೊಡುತ್ತೇನೆ.